ಜೀಪಿನ ಹಿಂದಿನ ಕಾಲು ಟನ್ ಟ್ರೇಲರ್: ಯುದ್ಧಕಾಲದ ಗುರುತುಗಳೊಂದಿಗೆ ಮತ್ತೆ ಕಟ್ಟುವುದು ಹೇಗೆ

ಟ್ರೇಲರನ್ನು ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಕಳಿಸುವ ಮುಂಚೆ ಒಂದು ವಾರ ತಡೆಯಿರಿ. ತುಕ್ಕು ಹಿಡಿದ ತಗಡು ಬೇರೆ ಸಿಗುತ್ತದೆ, ಬೇರಿಂಗ್ ಸಿಗುತ್ತದೆ, ಚಕ್ರವೂ ಸಿಗುತ್ತದೆ. ಆದರೆ ನಾಲ್ಕೈದು ಪದರದ ಬಣ್ಣದಡಿ ಅಡಗಿರುವ 1943ರ ಒಂದು ಸಂಖ್ಯೆ ಮರಳಿನ ಏಟಿಗೆ ಹೋದರೆ ಹೋಯಿತು. ಈ ಟ್ರೇಲರ್ ಯಾವ ತುಕಡಿಯದು, ಯಾವ ಕಾಲದ್ದು ಎಂದು ಹೇಳಬಲ್ಲ ಸಾಕ್ಷಿ ಅದೊಂದೇ. ಹಾಗಾಗಿ ಬಣ್ಣ ಬಳಿಯುವುದು ಕೊನೆಯ ಕೆಲಸವಾದರೂ ಬಣ್ಣವನ್ನು ಓದುವುದು ಮೊದಲ ಕೆಲಸ.

ಇಲ್ಲಿ ಹೇಳುತ್ತಿರುವುದು ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಸೇನೆಯ ಕಾಲು ಟನ್ನಿನ ಎರಡು ಚಕ್ರದ ಸರಕು ಟ್ರೇಲರ್ ಬಗ್ಗೆ. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಕಂಪನಿ ಕಟ್ಟಿದ್ದು ಟಿ-3, ವಿಲ್ಲೀಸ್ ಕಂಪನಿಯದು ಎಂಬಿಟಿ. ಸೇನೆಯ ಬಿಡಿಭಾಗ ಪಟ್ಟಿಯಲ್ಲಿ ಎರಡಕ್ಕೂ ಜಿ-529 ಎಂಬ ಒಂದೇ ಸಂಖ್ಯೆ. ಎಳೆಯುವ ಜೀಪಿನದು ಜಿ-503. ಬಿಡಿಭಾಗ ಹುಡುಕುವಾಗ ಈ ಎರಡು ಸಂಖ್ಯೆಗಳನ್ನು ಬರೆದುಕೊಂಡು ಹೊರಟರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಖಾಲಿ ತೂಕ ಸುಮಾರು 250 ಕಿಲೋ, ಕಚ್ಚಾ ದಾರಿಯಲ್ಲಿ ಹೊರುವ ಭಾರ 500 ಪೌಂಡ್, ಅಂದರೆ 227 ಕಿಲೋ. ಟೈರು 6.00-16. ತೊಟ್ಟಿಯ ತಳ 72 ಇಂಚು ಉದ್ದ, 38 ಇಂಚು ಅಗಲ. ಹೊಳೆ ದಾಟುವಾಗ ತೇಲಲೆಂದು ತೊಟ್ಟಿಯನ್ನು ನೀರು ನುಗ್ಗದಂತೆ ಕಟ್ಟಿದ್ದರು; ಒಳಗೆ ನಿಂತ ನೀರು ಬಿಡಲು ತಳದಲ್ಲಿ ಎರಡು ಕವಾಟಗಳಿವೆ.

ಕೊಳ್ಳುವಾಗಲೇ ನೋಡಬೇಕಾದ ಒಂದು ಮೋಸವಿದೆ. ಯುದ್ಧ ಮುಗಿದ ಮೇಲೆ ಬಂದ ಎಂ100 ಟ್ರೇಲರ್ ದೂರದಿಂದ ನೋಡಿದರೆ ಇದರ ಅವಳಿಯೇ. ಅದರ ಟೈರು 7.00-16, ದೀಪ 24 ವೋಲ್ಟಿನವು. ದಶಕಗಳ ಬಳಕೆಯಲ್ಲಿ ಒಂದರ ಚಕ್ರ ಇನ್ನೊಂದಕ್ಕೆ, ಒಂದರ ತೊಟ್ಟಿ ಇನ್ನೊಂದರ ಚಾಸಿಗೆ ಸೇರಿಕೊಂಡಿರುವುದು ತೀರ ಸಾಮಾನ್ಯ. ಮಾಹಿತಿ ಫಲಕವಿದ್ದರೆ ಒಳ್ಳೆಯದೇ, ಆದರೆ ಫಲಕವೊಂದನ್ನೇ ನಂಬಬೇಡಿ. ಹೊಸದಾಗಿ ಅಚ್ಚು ಹಾಕಿದ ಫಲಕಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಫಲಕದ ರಿವೆಟ್ ಹಳೆಯದೋ ಹೊಸದೋ, ಅದರ ಹಿಂದಿನ ಬಣ್ಣ ಯಾವುದು ಎಂದು ನೋಡಿ.

ಬಣ್ಣದ ಪದರಗಳನ್ನು ಓದುವುದು

ಬೇಕಾಗುವ ಸಾಮಾನು ಕಡಿಮೆ: 400 ಮತ್ತು 600 ಗ್ರಿಟ್‌ನ ನೀರಿನ ಉಜ್ಜುಕಾಗದ, ಒಂದು ಬಕೆಟ್ ಸೋಪಿನ ನೀರು, ಮೆತ್ತನೆಯ ರಬ್ಬರ್ ತುಂಡು, ಟಾರ್ಚು, ಟ್ರೇಸಿಂಗ್ ಕಾಗದ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ ಎಂದೇ ಇಟ್ಟುಕೊಳ್ಳಿ. ಒಣಗಿದ್ದನ್ನು ಉಜ್ಜಬಾರದು, ಪಿ3 ದರ್ಜೆಯ ಫಿಲ್ಟರ್ ಇರುವ ಮುಖಗವಸು ಇಲ್ಲದೆ ಕೂರಬಾರದು, ಉಜ್ಜಿದ ಕೆಸರನ್ನು ಚರಂಡಿಗೆ ಬಿಡಬಾರದು.

ಮೊದಲು ಗುರುತೇ ಇರದ ಒಂದು ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗವನ್ನು ಬರಿ ತಗಡು ಕಾಣುವವರೆಗೂ ಉಜ್ಜಿ. ಮರದ ಕಾಂಡ ಕಡಿದಾಗ ಕಾಣುವ ಉಂಗುರಗಳ ಹಾಗೆ ಪದರಗಳು ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತವೆ: ನಡುವೆ ತಗಡು, ಅದರ ಸುತ್ತ ಪ್ರೈಮರ್, ಆಮೇಲೆ ಕಾರ್ಖಾನೆಯ ಮಂಕು ಆಲಿವ್, ಅದರ ಹೊರಗೆ ಮುಂದಿನ ಮಾಲೀಕರ ಬಣ್ಣಗಳು. ಎಷ್ಟನೇ ಪದರ ಸೇನೆಯದು ಎಂದು ಇಲ್ಲಿ ಲೆಕ್ಕ ಸಿಕ್ಕಿತು. ಇನ್ನು ಗುರುತು ಇರಬಹುದಾದ ಜಾಗಗಳಿಗೆ ಬನ್ನಿ: ಹಿಂಬದಿಯ ಹಲಗೆ ಪೂರ್ತಿ, ಎರಡೂ ಪಕ್ಕಗಳ ನಡುಭಾಗ ಮತ್ತು ಮುಂದಿನ ತುದಿ, ಮಡ್‌ಗಾರ್ಡಿನ ಅಂಚು. ಇಲ್ಲಿ 600ರ ಕಾಗದದಲ್ಲೇ, ಅಂಗೈ ಅಗಲದ ಪಟ್ಟಿಗಳಲ್ಲಿ, ಮೇಲಿನ ಪದರಗಳನ್ನಷ್ಟೇ ತೆಗೆಯಿರಿ. ಬಿಳಿಯ ಚೂರು ಕಂಡ ಕೂಡಲೇ ನಿಲ್ಲಿಸಿ, ಆ ಚೂರಿನ ಅಂಚು ಹಿಡಿದು ಹೊರಗಡೆಗೆ ಸಾಗಿ.

ಬಿಳಿ ಕಾಣದಿದ್ದರೆ ಸಂಖ್ಯೆಯೇ ಇರಲಿಲ್ಲ ಎಂದು ತೀರ್ಮಾನಿಸುವವರೇ ಹೆಚ್ಚು. ಅದು ತಪ್ಪು. ಸೇನೆಯ ಎಆರ್ 850-5 ನಿಯಮಾವಳಿಯ 1942ರ ಆವೃತ್ತಿಯಂತೆ ನೋಂದಣಿ ಸಂಖ್ಯೆಯ ಬಣ್ಣ ಬ್ಲೂ ಡ್ರ್ಯಾಬ್, ಅಂದರೆ ಮಂಕಾದ ನೀಲಿ ಬೂದು. ಆಲಿವ್ ಮೇಲೆ ಅದು ಹತ್ತಿರದಿಂದ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಕಪ್ಪು ಬಿಳುಪು ಫೋಟೋದಲ್ಲಂತೂ ಮಾಯ. ಹೀಗಾಗಿ ಹಳೆಯ ಚಿತ್ರದಲ್ಲಿ ಸಂಖ್ಯೆ ಕಾಣುತ್ತಿಲ್ಲ ಎಂಬುದು ಯಾವುದಕ್ಕೂ ಪುರಾವೆಯಲ್ಲ. 1945ರ ಫೆಬ್ರವರಿಯ ಪರಿಷ್ಕರಣೆ ಬಿಳಿಯನ್ನು ಅಧಿಕೃತ ಮಾಡಿತು, ರಣರಂಗದಲ್ಲಿ ಅದಕ್ಕೂ ಮೊದಲೇ ಬಿಳಿ ಬಳಿದವರು ಬೇಕಾದಷ್ಟು. ನಿಮ್ಮ ಟ್ರೇಲರಿನಲ್ಲಿ ನೀಲಿಯ ಮೇಲೆ ಬಿಳಿ, ಎರಡೂ ಸಿಕ್ಕರೆ ಗಾಬರಿ ಬೇಡ. ಅದು ಅದರ ಚರಿತ್ರೆಯೇ.

ಅಸ್ಪಷ್ಟ ಅಕ್ಷರ ಕಾಣಲು ಕೋಣೆ ಕತ್ತಲು ಮಾಡಿ, ಟಾರ್ಚನ್ನು ತಗಡಿಗೆ ಬಹುತೇಕ ಒರಗಿಸಿ ಪಕ್ಕದಿಂದ ಬೆಳಕು ಬಿಡಿ. ಬಣ್ಣ ಹೋಗಿದ್ದರೂ ಸ್ಟೆನ್ಸಿಲ್ಲಿನ ಅಂಚಿನ ಏರು ನೆರಳಾಗಿ ಕಾಣುತ್ತದೆ. ಸಿಕ್ಕಿದ್ದೆಲ್ಲವನ್ನೂ ಅಳತೆಪಟ್ಟಿ ಪಕ್ಕದಲ್ಲಿಟ್ಟು ನೇರ ಎದುರಿನಿಂದ ಫೋಟೋ ತೆಗೆಯಿರಿ, ಟ್ರೇಸಿಂಗ್ ಕಾಗದದಲ್ಲಿ ಗೆರೆ ಎತ್ತಿಕೊಳ್ಳಿ, ತೊಟ್ಟಿಯ ಎರಡು ಅಂಚುಗಳಿಂದ ದೂರ ಬರೆದಿಡಿ. ಇಷ್ಟಾದ ಮೇಲೆ ಬೇಕಿದ್ದರೆ ಬ್ಲಾಸ್ಟಿಂಗ್ ಮಾತು.

ಬಿಚ್ಚುವುದು, ಉಕ್ಕಿನ ಕೆಲಸ

ಚಕ್ರದ ನಟ್ಟಿಗೆ ಪಾನಾ ಹಾಕುವ ಮುಂಚೆ ಸ್ಟಡ್ಡಿನ ತುದಿ ಉಜ್ಜಿ ನೋಡಿ. ಜೀಪಿನ ಎಡಬದಿಯ ಚಕ್ರಗಳಿಗೆ ಎಡಮರೆ, ಅಂದರೆ ಉಲ್ಟಾ ತಿರುಗುವ ತಿರುಪು, ಇರುತ್ತದೆ, ಟ್ರೇಲರಿನಲ್ಲೂ ಅದೇ ಹಬ್ ಭಾಗಗಳು ಬಂದು ಕೂತಿರಬಹುದು. ತುದಿಯಲ್ಲಿ ‘ಎಲ್’ ಅಕ್ಷರ ಕಂಡರೆ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ನಾಲ್ಕು ಅಡಿ ಪೈಪು ಹಾಕಿ ತಪ್ಪು ದಿಕ್ಕಿಗೆ ಎಳೆದು ಸ್ಟಡ್ಡು ಮುರಿಯುವುದು ಈ ಕೆಲಸದ ಮಾಮೂಲಿ ಮೊದಲ ಅಪಘಾತ. ಬ್ರೇಕ್ ಡ್ರಮ್ ತೆಗೆದಾಗ ಒಳಗಿನ ದೂಳಿಗೆ ಗಾಳಿ ಹೊಡೆಯಬೇಡಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಸಣ್ಣ ಭಾಗಗಳಿಗೆ, ಅಂದರೆ ಕೊಕ್ಕೆ, ಕೀಲು, ದೀಪದ ಬ್ರಾಕೆಟ್ಟುಗಳಿಗೆ, ವಿದ್ಯುದ್ವಿಭಜನೆಯ ತೊಟ್ಟಿಯಷ್ಟು ಒಳ್ಳೆಯ ಉಪಾಯ ಬೇರಿಲ್ಲ. ಪ್ಲಾಸ್ಟಿಕ್ ಡಬ್ಬದಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್, ತುಕ್ಕಿನ ಭಾಗಕ್ಕೆ ಋಣ ತಂತಿ, ಕೆಲಸಕ್ಕೆ ಬಾರದ ಮೆದು ಉಕ್ಕಿನ ತುಂಡಿಗೆ ಧನ ತಂತಿ. ತಂತಿ ಅದಲುಬದಲಾದರೆ ಭಾಗವೇ ಕರಗುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಮೇಲೇಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಲ್ಲಿಡಿ. ಸ್ಪ್ರಿಂಗುಗಳನ್ನು ಮಾತ್ರ ಇದಕ್ಕೆ ಹಾಕಬಾರದು; ಹೈಡ್ರೋಜನ್ ಹೀರಿದ ಗಟ್ಟಿ ಉಕ್ಕು ಪೆಡಸಾಗಿ ಒಡೆಯುತ್ತದೆ.

ಚಾಸಿಗೆ ಮರಳಿನ ಹೊಡೆತ ಪರವಾಗಿಲ್ಲ. ತೊಟ್ಟಿಯ ತಗಡಿಗೆ ಅದೇ ಒತ್ತಡ ಹಾಕಿದರೆ ತಗಡು ಉಬ್ಬಿ ಅಲೆಅಲೆಯಾಗುತ್ತದೆ, ಆ ಅಲೆಯನ್ನು ಮತ್ತೆ ತೆಗೆಯುವುದು ಬಹಳ ಕಷ್ಟ. ಸಣ್ಣ ಹರಳಿನ ಗಾರ್ನೆಟ್, 40ರಿಂದ 60 ಪಿಎಸ್‌ಐ, ಓರೆಯಾಗಿ ಹಿಡಿದ ನಳಿಕೆ, ಒಂದೇ ಕಡೆ ನಿಲ್ಲದ ಕೈ. ಈ ಶಿಸ್ತು ಒಪ್ಪದ ಅಂಗಡಿಗೆ ತೊಟ್ಟಿ ಕೊಡದೆ ರಾಸಾಯನಿಕದಿಂದ ಬಣ್ಣ ಕೀಳುವುದೇ ಮೇಲು.

ಚಾಸಿಯಲ್ಲಿ ಬಿರುಕು ಹುಡುಕಬೇಕಾದದ್ದು ಸ್ಪ್ರಿಂಗ್ ಹಿಡಿಕೆಗಳ ಸುತ್ತ ಮತ್ತು ಎಳೆಯುವ ಮೂತಿಯ ಬೋಲ್ಟು ರಂಧ್ರಗಳ ಬಳಿ. ಬಿರುಕಿನ ತುದಿಯಲ್ಲಿ 3 ಮಿಮೀ ರಂಧ್ರ ಕೊರೆದು, ಉದ್ದಕ್ಕೂ ‘ವಿ’ ಆಕಾರದ ಗಾಡಿ ಗೀರಿ, ಆಮೇಲೆ ಬೆಸೆಯಿರಿ. ರಂಧ್ರ ಕೊರೆಯದೆ ಬಿಟ್ಟರೆ ಬೆಸುಗೆಯಾಚೆ ಬಿರುಕು ಮತ್ತೆ ಓಡುತ್ತದೆ. ಬೆಸುಗೆಯ ಮುಂಚೆ ಮತ್ತು ನಂತರ ಎರಡೂ ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸ 3 ಮಿಮೀ ಮೀರಿದರೆ ಟ್ರೇಲರ್ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಜೀಪಿನ ಕೊಕ್ಕೆಗೆ ಸಿಕ್ಕಿಸುವ ಮುಂದಿನ ಲೂನೆಟ್ ಉಂಗುರ ಒಳಗಿನಿಂದ ಸವೆದಿದ್ದರೆ ಬೆಸುಗೆ ತುಂಬಿ ದಪ್ಪ ಮಾಡುವ ಜಾಣತನ ಬೇಡ. ಇಡೀ ಟ್ರೇಲರನ್ನು ಹಿಡಿದಿರುವುದು ಅದೊಂದೇ ಉಂಗುರ. ಬದಲಿಸಿ.

ತೊಟ್ಟಿ ಕೊಳೆಯುವುದು ತಳದ ಅಂಚಿನಲ್ಲಿ, ಕವಾಟಗಳ ಸುತ್ತ, ಮಡ್‌ಗಾರ್ಡ್ ಕೂರುವ ಕಡೆ ಮತ್ತು ಮೇಲಂಚಿನ ಮಡಿಕೆಯೊಳಗೆ. ಕೊಳೆತದ್ದರ ಮೇಲೆ ತೇಪೆ ಹಾಕಿದರೆ ಎರಡು ತಗಡಿನ ನಡುವೆ ನೀರು ನಿಂತು ಎರಡೇ ವರ್ಷದಲ್ಲಿ ಅದೇ ಜಾಗ ತೂತಾಗುತ್ತದೆ. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ, ಕ್ಯಾಲಿಪರಿನಲ್ಲಿ ಅಳೆದು ಅದೇ ದಪ್ಪದ ತಗಡನ್ನು ಅಂಚಿಗೆ ಅಂಚು ಕೂರಿಸಿ. 25 ಮಿಮೀ ಬೆಸೆದು, ದೂರಕ್ಕೆ ಹೋಗಿ ಮತ್ತೊಂದು 25 ಮಿಮೀ, ತಣ್ಣಗಾದ ಮೇಲೆ ನಡುವಿನ ಜಾಗ. ಒಂದೇ ಉಸಿರಿಗೆ ಎಳೆದರೆ ತಗಡು ಸೊಟ್ಟಗಾಗುವುದು ಖಂಡಿತ. ಕಾರ್ಖಾನೆಯ ಸ್ಪಾಟ್ ಬೆಸುಗೆ ಇದ್ದ ಕಡೆ ಮೇಲಿನ ತಗಡಿನಲ್ಲಿ 6 ಮಿಮೀ ರಂಧ್ರ ಕೊರೆದು ತುಂಬಿ ಸಮ ಮಾಡಿ. ಅಂತರವನ್ನು ಹಳೆಯ ಚುಕ್ಕೆಗಳಿಂದಲೇ ನಕಲು ಮಾಡಿ, ಸಮವಿಲ್ಲದಿದ್ದರೆ ಸಮವಿಲ್ಲದಂತೆಯೇ. ಪುಟ್ಟಿ ಹಾಕಿ ಕನ್ನಡಿ ಮಾಡುವ ಆಸೆ ತಡೆದುಕೊಳ್ಳಿ. ಇದು ಅವಸರದಲ್ಲಿ ಕಟ್ಟಿದ ಸಾಮಾನು ಗಾಡಿ. ನುಣುಪಾದಷ್ಟೂ ಸುಳ್ಳಾಗಿ ಕಾಣುತ್ತದೆ.

ಪ್ರೈಮರ್ ಆದ ಮೇಲೆ, ಬಣ್ಣಕ್ಕೆ ಮುಂಚೆ, ನೀರಿನ ಪರೀಕ್ಷೆ. ಕವಾಟ ಮುಚ್ಚಿ, ಮಟ್ಟಸವಾಗಿ ನಿಲ್ಲಿಸಿ 10 ಸೆಂಮೀ ನೀರು ತುಂಬಿ. ಸುಮಾರು 175 ಲೀಟರ್ ಹಿಡಿಯುತ್ತದೆ, ಭಾರ 227 ಕಿಲೋ ಮಿತಿಯ ಒಳಗೇ ಇರುತ್ತದೆ. ಒಂದು ಗಂಟೆ ಬಿಟ್ಟು ಅಡಿಯಲ್ಲಿ ಒಣ ಸುದ್ದಿಕಾಗದ ಒತ್ತಿ ಒದ್ದೆಯಾದ ಕಡೆ ಗುರುತು ಮಾಡಿಕೊಳ್ಳಿ, ಒಣಗಿದ ಮೇಲೆ ಸೀಲರ್ ಹಚ್ಚಿ.

ಹಬ್, ದೀಪ

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ರೋಲರಿನ ಮೇಲೆ ಕುಳಿ ಅಥವಾ ನೀಲಿ ಕಲೆ ಇದೆಯೇ ನೋಡಿ. ಇದ್ದರೆ ಬೇರಿಂಗಿನ ಒಳ ಉಂಗುರ (ಕೋನ್), ಹೊರ ಉಂಗುರ (ಕಪ್) ಎರಡನ್ನೂ ಜೋಡಿಯಾಗಿ ಬದಲಿಸಿ. ಎನ್‌ಎಲ್‌ಜಿಐ 2 ದರ್ಜೆಯ ಚಕ್ರದ ಗ್ರೀಸನ್ನು ರೋಲರುಗಳ ನಡುವೆ ಒತ್ತಿ ತುಂಬಿ. ಬರೀ ಹೊರಗೆ ಬಳಿದರೆ ಪ್ರಯೋಜನವಿಲ್ಲ. ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿ ಮಾಡಿ, ಬಿಗಿ ಹಿಡಿದಾಗ ಸುತ್ತಿನ ಆರನೇ ಒಂದು ಭಾಗ ಹಿಂದಕ್ಕೆ ಬಿಟ್ಟು ಲಾಕ್ ವಾಷರ್ ಮಡಿಸಿ. ಹತ್ತು ಕಿಲೋಮೀಟರ್ ಎಳೆದು ಹಬ್ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಬಿಗಿ ಹೆಚ್ಚಾಗಿದೆ. ಯುದ್ಧಕಾಲದ ಈ ಟ್ರೇಲರಿಗೆ ಓಡುವಾಗಿನ ಬ್ರೇಕ್ ಇಲ್ಲ, ನಿಲ್ಲಿಸಿದಾಗ ಹಾಕುವ ಕೈಬ್ರೇಕ್ ಮಾತ್ರ. ಭಾರ ತುಂಬಿ ಇಳಿಜಾರಿನಲ್ಲಿ ಓಡಿಸುವವರು ಇದನ್ನು ಮರೆಯಬಾರದು.

ವಿದ್ಯುತ್ತು 6 ವೋಲ್ಟ್. ಅದೇ ಬೆಳಕಿಗೆ 12 ವೋಲ್ಟಿನ ಇಮ್ಮಡಿ ಕರೆಂಟು ಹರಿಯುವುದರಿಂದ ತೆಳು ತಂತಿ ಹಾಕಿದರೆ ದೀಪ ಮಿಣುಕುತ್ತದೆ. ಹೊಸ ಬಣ್ಣವಾದ ಮೇಲೆ ದೀಪ ಸತ್ತರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಅರ್ತಿಂಗ್: ಬಣ್ಣವೇ ತಡೆಯಾಗಿರುತ್ತದೆ. ಬ್ರಾಕೆಟ್ ಬೋಲ್ಟಿನ ಅಡಿ ನಾಣ್ಯದಗಲ ಬರಿ ಲೋಹ ಬಿಡಿ, ಇಲ್ಲವೇ ಬೇರೆ ತಂತಿ ಎಳೆಯಿರಿ. ಶತ್ರುವಿಗೆ ಕಾಣದಂತೆ ಮಂಕು ಮಾಡಿದ ಬ್ಲ್ಯಾಕ್‌ಔಟ್ ದೀಪದ ಗಾಜನ್ನು ತಲೆಕೆಳಗಾಗಿ ಕೂರಿಸಬೇಡಿ. 18 ಮೀಟರ್ ಒಳಗೆ ನಾಲ್ಕು ಚುಕ್ಕೆ, 55 ಮೀಟರ್‌ವರೆಗೆ ಎರಡು, ಅದಕ್ಕೂ ಆಚೆ ಒಂದೇ ಎಂದು ಕಾಣುವಂತೆ ಅದನ್ನು ಅಳೆದು ಮಾಡಿದ್ದರು. ಹಿಂದಿನ ಚಾಲಕ ಕತ್ತಲಲ್ಲಿ ಅಂತರ ಲೆಕ್ಕ ಹಾಕುತ್ತಿದ್ದದ್ದು ಅದರಿಂದಲೇ. ಸಾರ್ವಜನಿಕ ರಸ್ತೆಗೆ ಆ ದೀಪ ಸಾಲದು, ಬಿಚ್ಚಿ ತೆಗೆಯಬಹುದಾದ ದೀಪದ ಪಟ್ಟಿ ಬೇರೆ ಮಾಡಿಕೊಳ್ಳಿ.

ಆಲಿವ್ ಡ್ರ್ಯಾಬ್

ಹೊರಗೆ ಒಳಗೆ ತಳ ಮಡ್‌ಗಾರ್ಡ್ ಚಾಸಿ ಚಕ್ರ ಎಲ್ಲ ಸೇರಿ ಸುಮಾರು 12ರಿಂದ 13 ಚದರ ಮೀಟರ್. ಲೀಟರಿಗೆ 8 ಚದರ ಮೀಟರ್ ಎಂದಿಟ್ಟುಕೊಂಡು ಎರಡು ಸಲ ಬಳಿಯಲು, ಸ್ಪ್ರೇಯಲ್ಲಿ ಹಾರಿಹೋಗುವುದನ್ನೂ ಸೇರಿಸಿ, ನಾಲ್ಕೂವರೆ ಲೀಟರ್ ತನ್ನಿ. ಒಂದು ಲೀಟರ್ ಹೆಚ್ಚಿಗೇ ಇರಲಿ, ಏಕೆಂದರೆ ಮುಂದಿನ ವರ್ಷ ತರುವ ಡಬ್ಬದ ಬಣ್ಣ ಇದಕ್ಕೆ ಹೊಂದುವುದಿಲ್ಲ. ಎಲ್ಲ ಡಬ್ಬಗಳನ್ನೂ ಒಂದು ದೊಡ್ಡ ಪಾತ್ರೆಗೆ ಸುರಿದು ಒಟ್ಟಿಗೆ ಕಲಸಿ.

ಬಣ್ಣದ ಸಂಕೇತದಲ್ಲಿ ಬಹಳ ಜನ ಎಡವುತ್ತಾರೆ. ಬಣ್ಣಗಳಿಗೆ ಸಂಖ್ಯೆ ಕೊಡುವ ಅಮೆರಿಕ ಸರ್ಕಾರದ ಎಫ್‌ಎಸ್ 595 ಪಟ್ಟಿ ಹುಟ್ಟಿದ್ದೇ 1956ರಲ್ಲಿ, ಹಾಗಾಗಿ ಯುದ್ಧಕಾಲದ ಯಾವ ಬಣ್ಣಕ್ಕೂ ಅದರಲ್ಲಿ ‘ನಿಜವಾದ’ ಸಂಖ್ಯೆ ಇಲ್ಲ. ಹತ್ತಿರದ್ದೆಂದು ಸಾಮಾನ್ಯವಾಗಿ ಒಪ್ಪಿರುವುದು 33070, ಕಂದು ಛಾಯೆಯ ಆಲಿವ್. ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ 34087 ಮತ್ತು ಅರೆಹೊಳಪಿನ 24087 ಯುದ್ಧಾನಂತರದವು. ಎಲ್ಲಕ್ಕಿಂತ ದೊಡ್ಡ ಆಧಾರ ನಿಮ್ಮ ತೊಟ್ಟಿಯಲ್ಲೇ ಇದೆ: ಫಲಕದ ಹಿಂದೆ, ಬ್ರಾಕೆಟ್ಟಿನ ಅಡಿ, ಬಿಸಿಲು ಕಾಣದೆ ಉಳಿದ ಚೂರು. ಅದನ್ನು ಒದ್ದೆ ಮಾಡದೆ, ಹಗಲು ಬೆಳಕಿನಲ್ಲಿ, ಒಣಗಿದ ಮಾದರಿಯ ಪಕ್ಕ ಹಿಡಿದು ನೋಡಿ.

ತುಕ್ಕು ತಡೆಯಲು ಅಡಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಕೆಂಪು ಆಕ್ಸೈಡ್. ಎಪಾಕ್ಸಿ ಚರಿತ್ರೆಯಲ್ಲಿಲ್ಲ ನಿಜ, ಆದರೆ ಕಾಣುವುದೂ ಇಲ್ಲ. ಹೊಳಪಿಲ್ಲದ ಬಣ್ಣದ ಕಷ್ಟವೆಂದರೆ ಮಂಕು ಮಾಡುವ ಪುಡಿ ಡಬ್ಬದ ತಳಕ್ಕೆ ಇಳಿಯುತ್ತದೆ. ಸ್ಪ್ರೇ ಗನ್ನಿನ ಬಟ್ಟಲು ತುಂಬುವಾಗಲೆಲ್ಲ ಕಲಕದಿದ್ದರೆ ಒಂದು ಪಕ್ಕ ಮಿನುಗುತ್ತದೆ, ಇನ್ನೊಂದು ಸುಣ್ಣದಂತಾಗುತ್ತದೆ. ದಪ್ಪ ಕೋಟೂ ಮಿನುಗುತ್ತದೆ. ತೆಳುವಾಗಿ ಅಡ್ಡ ಒಮ್ಮೆ, ಉದ್ದ ಒಮ್ಮೆ. ತಪ್ಪಾದ ಜಾಗಕ್ಕೆ ಮಾತ್ರ ತೇಪೆ ಹೊಡೆದರೆ ಕಲೆ ಎದ್ದು ಕಾಣುತ್ತದೆ, ಆ ಹಲಗೆಯನ್ನು ಅಂಚಿನಿಂದ ಅಂಚಿಗೆ ಮತ್ತೆ ಬಳಿಯಬೇಕು.

ಗುರುತುಗಳು

ಒಂದು ದಿನಾಂಕ, ಒಂದು ತುಕಡಿ, ಒಂದು ಜಾಗ; ಈ ಮೂರನ್ನು ಮೊದಲು ಗೊತ್ತು ಮಾಡಿಕೊಂಡು ಪ್ರತಿ ಗುರುತನ್ನೂ ಅದಕ್ಕೆ ತಾಳೆ ನೋಡಿ. ಫಲಕದಲ್ಲಿ ಸೇನೆಗೆ ಒಪ್ಪಿಸಿದ್ದು 1943ರ ಮಾರ್ಚ್ ಎಂದಿದ್ದರೆ, 1942ರ ನವೆಂಬರಿನ ಉತ್ತರ ಆಫ್ರಿಕಾ ಇಳಿದಾಣದಲ್ಲಿ ಅಮೆರಿಕನ್ ವಾಹನಗಳ ಗುರುತಾಗಿದ್ದ ಹಳದಿ ನಕ್ಷತ್ರ ಅದಕ್ಕೆ ಬರುವಂತಿಲ್ಲ. ನಕ್ಷತ್ರದ ಸುತ್ತ ಬಿಳಿ ವೃತ್ತ ಚಾಲ್ತಿಗೆ ಬಂದದ್ದು 1943ರ ಸಿಸಿಲಿ ದಾಳಿಯ ಹೊತ್ತಿಗೆ, ಆದ್ದರಿಂದ ಅದಕ್ಕೂ ಹಿಂದಿನ ದೃಶ್ಯಕ್ಕೆ ಬರಿಯ ನಕ್ಷತ್ರ.

ನೋಂದಣಿ ಸಂಖ್ಯೆ: ಮೇಲೆ ಯು.ಎಸ್.ಎ. ಅಕ್ಷರಗಳು, ಕೆಳಗೆ ಸಂಖ್ಯೆ. ಟ್ರೇಲರಿನ ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತದೆ, ಜೀಪಿನದು 20ರಿಂದ. ಎಳೆಯುವ ಜೀಪಿನ ಸಂಖ್ಯೆಯನ್ನೇ ಟ್ರೇಲರಿಗೂ ಬರೆಯುವುದು ಪ್ರದರ್ಶನಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಜೀಪಿನ ಸಂಖ್ಯೆಯ ಕೊನೆಗಿರುವ ‘ಎಸ್’ ಅಕ್ಷರವನ್ನೂ ನಕಲು ಮಾಡುತ್ತಾರೆ. ಅದು ಇಗ್ನಿಷನ್ ಕಿಡಿ ರೇಡಿಯೋಗೆ ತೊಂದರೆ ಕೊಡದಂತೆ ತಡೆ ಹಾಕಲಾಗಿದೆ ಎಂಬ ಸೂಚನೆ. ಇಂಜಿನ್ನೇ ಇಲ್ಲದ ಗಾಡಿಗೆ ಅದು ಯಾಕೆ?

ತುಕಡಿಯ ಸಂಕೇತ ಹಿಂಬದಿಯಲ್ಲಿ ನಾಲ್ಕು ಭಾಗವಾಗಿ ಬರುತ್ತದೆ. ಎಡಕ್ಕೆ ಡಿವಿಷನ್, ಅದರ ಪಕ್ಕ ರೆಜಿಮೆಂಟ್. ಬಲಕ್ಕೆ ಕಂಪನಿ, ಅದರ ಪಕ್ಕ ವಾಹನದ ಸರದಿ ಸಂಖ್ಯೆ. ಪದಾತಿ ದಳಕ್ಕೆ ‘ಐ’, ಫೀಲ್ಡ್ ಫಿರಂಗಿ ದಳಕ್ಕೆ ‘ಎಫ್’, ಇಂಜಿನಿಯರ್‌ಗಳಿಗೆ ‘ಇ’. ಕವಚಿತ ಡಿವಿಷನ್ ಆದರೆ ಸಂಖ್ಯೆಯ ನಂತರ ತ್ರಿಕೋನ, ವಾಯುವಾಹಿತ ಡಿವಿಷನ್ ಆದರೆ ‘ಎಬಿ’. 1944ರ ಜೂನ್ 6ರಂದು ಒಮಾಹಾ ತೀರದಲ್ಲಿ ಇಳಿದ 29ನೇ ಡಿವಿಷನ್ನಿನ 116ನೇ ಪದಾತಿ ರೆಜಿಮೆಂಟಿನದಾದರೆ ಎಡಕ್ಕೆ 29, 116-ಐ. ಬಲಕ್ಕೆ ಕಂಪನಿಯ ಅಕ್ಷರ ಮತ್ತು ಸಂಖ್ಯೆ. ಇವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಎಂಬುದು ಹೇಳಬೇಕಿಲ್ಲ. ಆಧಾರಕ್ಕೆ ಮೇರಿಲ್ಯಾಂಡಿನ ಕಾಲೇಜ್ ಪಾರ್ಕಿನಲ್ಲಿರುವ ಅಮೆರಿಕದ ರಾಷ್ಟ್ರೀಯ ದಾಖಲೆಗಾರದ ಸಿಗ್ನಲ್ ಕೋರ್ (ಸೇನೆಯ ಸಂಪರ್ಕ ದಳ) ಫೋಟೋಗಳು, ದಾಖಲೆ ಗುಂಪು 111, ಅತ್ಯುತ್ತಮ. ಒಂದು ಎಚ್ಚರಿಕೆ: ಯುದ್ಧಕಾಲದಲ್ಲಿ ಪ್ರಕಟಣೆಗೆ ಹೋದ ಚಿತ್ರಗಳಲ್ಲಿ ಸೆನ್ಸಾರಿನವರು ತುಕಡಿ ಸಂಕೇತವನ್ನು ಗೀಚಿ ಅಳಿಸುತ್ತಿದ್ದರು. ಚಿತ್ರದಲ್ಲಿ ಬೋಳಾಗಿದ್ದರೆ ಗಾಡಿಯೂ ಬೋಳಾಗಿತ್ತು ಎಂದಲ್ಲ.

ಅಳತೆಯನ್ನು ಚಿತ್ರದಿಂದಲೇ ತೆಗೆಯಬಹುದು. 6.00-16 ಟೈರಿನ ಹೊರವ್ಯಾಸ ಸುಮಾರು 71 ಸೆಂಮೀ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಟೈರು 40 ಮಿಮೀ, ನಕ್ಷತ್ರ 14 ಮಿಮೀ ಇದ್ದರೆ ನಕ್ಷತ್ರ 25 ಸೆಂಮೀ ಆಸುಪಾಸು, ಅಂದರೆ 10 ಇಂಚು. ಟೈರು ತೊಟ್ಟಿಗಿಂತ ಕ್ಯಾಮೆರಾಗೆ ಹತ್ತಿರವಿರುವುದರಿಂದ ಲೆಕ್ಕ ತುಸು ಕಡಿಮೆ ಬರುತ್ತದೆ. ಹತ್ತಿರದ ಪ್ರಮಾಣಿತ ಅಳತೆಗೆ, ಅಂದರೆ 6, 10, 15, 20 ಇಂಚುಗಳಲ್ಲೊಂದಕ್ಕೆ, ಸರಿ ಮಾಡಿಕೊಳ್ಳಿ.

10 ಇಂಚಿನ ನಕ್ಷತ್ರಕ್ಕೆ 127 ಮಿಮೀ ತ್ರಿಜ್ಯದ ವೃತ್ತ ಎಳೆದು, ಕೈವಾರವನ್ನು 149.3 ಮಿಮೀಗೆ ಇಟ್ಟು ಸುತ್ತ ಐದು ಬಿಂದು ಗುರುತಿಸಿ. ಒಂದು ಬಿಟ್ಟು ಒಂದನ್ನು ಸೇರಿಸಿದರೆ ನಕ್ಷತ್ರ ತಾನಾಗಿ ಮೂಡುತ್ತದೆ. ಒಳ ಮೂಲೆಗಳು ಕೇಂದ್ರದಿಂದ 48.5 ಮಿಮೀಯಲ್ಲಿ ಬಂದರೆ ಗೆರೆ ಸರಿಯಾಗಿದೆ. ನಿಂತ ತಗಡಿನ ಮೇಲೆ ಒಂದು ತುದಿ ಮೇಲ್ಮುಖವಾಗಿರಬೇಕು.

ಸ್ಟೆನ್ಸಿಲನ್ನು 0.25 ಮಿಮೀ ಮೈಲಾರ್ ಹಾಳೆಯಲ್ಲಿ ಕತ್ತರಿಸಿ. ಅಕ್ಷರ ಸೀದಾ ಸಪಾಟಾದ ಗೆರೆಯದ್ದಾಗಿರಲಿ. ಕಂಪ್ಯೂಟರಿನಲ್ಲಿ ಸಿಗುವ, ದಪ್ಪ ಸಣ್ಣ ಗೆರೆಯ ಬಾಲವಿರುವ ಸ್ಟೆನ್ಸಿಲ್ ಫಾಂಟ್ ಸರಕು ಪೆಟ್ಟಿಗೆಯ ನೆನಪು ತರುತ್ತದೆಯೇ ಹೊರತು ಜೀಪಿನದಲ್ಲ. ಮೂಲ ಬಣ್ಣ ಕನಿಷ್ಠ 24 ಗಂಟೆ ಒಣಗಿರಲಿ. ಮೊಂಡು ಬ್ರಷ್ಷನ್ನು ಮಂಕು ಬಿಳಿಯಲ್ಲಿ ಅದ್ದಿ, ಹಳೆ ಕಾಗದದ ಮೇಲೆ ಬಹುಪಾಲು ಒರೆಸಿ, ನೇರವಾಗಿ ಕುಟ್ಟುತ್ತಾ ಹೋಗಿ. ಎಳೆದರೆ ಬಣ್ಣ ಹಾಳೆಯಡಿ ನುಗ್ಗುತ್ತದೆ. ಸ್ಪ್ರೇ ಆದರೆ 1ರಿಂದ 1.5 ಬಾರ್ ಸಾಕು, ಗನ್ ಲಂಬವಾಗಿರಲಿ. ಹಾಳೆಯ ಸೇತುವೆಗಳಿಂದ ಉಳಿದ ಸೀಳುಗಳನ್ನು ತುಂಬಲೇಬೇಕೆಂದಿಲ್ಲ. ಯುದ್ಧಕಾಲದ ಚಿತ್ರಗಳಲ್ಲಿ ಅಕ್ಷರ, ವೃತ್ತ ಎರಡೂ ಸೀಳಿನೊಂದಿಗೇ ಕಾಣಸಿಗುತ್ತವೆ. ಮೇಲೆ ವಾರ್ನಿಷ್ ಬೇಡ, ಬಿಳಿ ಹಳದಿಗೆ ತಿರುಗಿ ಆಲಿವ್ ಮಿನುಗತೊಡಗುತ್ತದೆ.

ಉಜ್ಜಿದಾಗ ಏನೂ ಸಿಗಲಿಲ್ಲ, ಯಾವ ಚಿತ್ರವೂ ಹೊಂದಲಿಲ್ಲ ಎಂದಾದರೆ ನಕ್ಷತ್ರ ಮಾತ್ರ ಬಳಿದು ಹಿಂಬದಿಯನ್ನು ಖಾಲಿ ಬಿಡಿ. ಕಾರ್ಖಾನೆಯಿಂದ ಹೊರಬಿದ್ದ ಟ್ರೇಲರಿನ ಮೇಲೆ ತುಕಡಿಯ ಸಂಕೇತ ಹೇಗೂ ಇರುತ್ತಿರಲಿಲ್ಲ. ಮುಂದೆಂದಾದರೂ ದಾಖಲೆ ಸಿಕ್ಕರೆ ಸ್ಟೆನ್ಸಿಲ್ ಕೆಲಸಕ್ಕೆ ಅರ್ಧ ದಿನ ಸಾಕು. ತಪ್ಪು ಬರೆದದ್ದನ್ನು ತೆಗೆಯಲು ಹಿಂದಿನ ಹಲಗೆ ಪೂರ್ತಿ ಮತ್ತೆ ಬಳಿಯಬೇಕು.